ಮೊಳೆ, ಚಿತ್ರ, ಹೆಸರು: ಗಡಿಭಾಗದಲ್ಲಿ ಪ್ರಚಾರದ ಉಡುಗೊರೆಗಳ ಚರಿತ್ರೆ

  

ಇವತ್ತು ನಾನು ಮಾತಾಡುವ ವಿಷಯ ಪ್ರಚಾರದ ಉಡುಗೊರೆಗಳು. ಅಂಗಡಿಯವರು, ಕಂಪನಿಯವರು ತಮ್ಮ ಹೆಸರು ಹಾಕಿಸಿ ಗಿರಾಕಿಗೆ ಪುಕ್ಕಟೆಯಾಗಿ ಕೊಡುವ ಕ್ಯಾಲೆಂಡರು, ಕೈಚೀಲ, ಪರ್ಸು, ಪೆನ್ನು, ಟೋಪಿ, ಗೋಡೆ ಗಡಿಯಾರ ಇಂಥವು. ಒಬ್ಬ ವ್ಯಾಪಾರಿ ಇವುಗಳಲ್ಲಿ ಯಾವುದನ್ನು ಆರಿಸಬೇಕು, ಯಾವುದು ಕೆಲಸ ಮಾಡುತ್ತದೆ ಅನ್ನೋದು ವಾಣಿಜ್ಯ ವಿಭಾಗದ ಪ್ರಶ್ನೆ ಅಂತ ಅನ್ನಿಸಬಹುದು. ಆದರೆ ನಮ್ಮ ಗಡಿಭಾಗದ ಎಷ್ಟೋ ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟರೆ ಕನ್ನಡ ಅಕ್ಷರ ಒಳಗೆ ಬರುವುದು ಇಂಥ ವಸ್ತುಗಳ ಮೇಲೆ. ಹಾಗಾಗಿ ವ್ಯಾಪಾರಿ ಉಡುಗೊರೆಯನ್ನು ಆರಿಸುವಾಗ ಒಂದು ಭಾಷೆಯನ್ನೂ ಆರಿಸುತ್ತಾನೆ. ನನ್ನ ಪ್ರಬಂಧದ ವಾದ ಇಷ್ಟೇ: ಮನೆಯೊಳಗೆ ಒಂದು ಕೆಲಸ ಹಿಡಿದ ವಸ್ತು ಮಾತ್ರ ಕೊಟ್ಟವರ ಹೆಸರನ್ನು ಉಳಿಸುತ್ತದೆ, ಆ ಕೆಲಸ ನಡೆಯಬೇಕಾದರೆ ಅದು ಮನೆಯವರ ಭಾಷೆಯಲ್ಲಿ ಇರಬೇಕು.

1. ಸ್ಥಳ

ನಾನು ನೋಡಿರುವುದು ಉಂಡವಳ್ಳಿಯ ಸುತ್ತಮುತ್ತ. ಈಗ ಇದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಒಂದು ಮಂಡಲ. ಪಕ್ಕದಲ್ಲೇ ಆಲಂಪುರ, ತುಂಗಭದ್ರೆ ದಾಟಿದರೆ ಕರ್ನೂಲು. ಹೈದರಾಬಾದ್–ಬೆಂಗಳೂರು ಹೆದ್ದಾರಿ ಇಲ್ಲೇ ಹಾದುಹೋಗುತ್ತದೆ. 1956ರ ನವೆಂಬರ್ 1ರವರೆಗೆ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು ಅನ್ನೋದನ್ನ ನಾವು ಮರೆತೇಬಿಟ್ಟಿದ್ದೇವೆ. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲ್ಲೂಕುಗಳು ಮೆಹಬೂಬನಗರ ಜಿಲ್ಲೆಗೆ ಸೇರಿದವು. ನಾರಾಯಣಪೇಟೆ, ಮಕ್ತಲ್ ಮೊದಲಿಂದಲೂ ಮೆಹಬೂಬನಗರದಲ್ಲಿದ್ದವು. ಆದರೆ ಮಕ್ತಲ್, ಮಾಗನೂರು, ಕೃಷ್ಣಾ ಕಡೆ ಮನೆಮಾತು ಕನ್ನಡ ಆಗಿರುವ ಊರುಗಳು ಇಂದಿಗೂ ಇವೆ.

ಆಡಳಿತದ ಗೆರೆ ಬದಲಾದರೂ ಸಂತೆಯ ದಾರಿ ಅಷ್ಟು ಬೇಗ ಬದಲಾಗುವುದಿಲ್ಲ. ಬಟ್ಟೆಗೆ ಗದ್ವಾಲ, ಆಸ್ಪತ್ರೆಗೆ ಕರ್ನೂಲು, ಬಂಗಾರಕ್ಕೋ ಬೀಗರ ಊರಿಗೋ ರಾಯಚೂರು, ಹೀಗೆ ಜನ ಓಡಾಡ್ತಾರೆ. ಅದಕ್ಕೇ ಒಂದೇ ಮನೆಯ ಗೋಡೆ ಮೇಲೆ ಮೂರು ರಾಜ್ಯದ ಕ್ಯಾಲೆಂಡರು ಕಾಣುತ್ತವೆ. ನನ್ನ ಮಟ್ಟಿಗೆ ಆ ಗೋಡೆಯೇ ಒಂದು ದಾಖಲೆ.

2. ಪಾತ್ರೆಯ ಮೇಲಿನ ಹೆಸರು

ಕಂಪನಿಗಳು ಬರುವ ಮೊದಲೇ ಕೊಟ್ಟ ವಸ್ತುವಿನ ಮೇಲೆ ಕೊಟ್ಟವರ ಹೆಸರು ಇರಬೇಕು ಎಂಬ ರೂಢಿ ನಮ್ಮಲ್ಲಿತ್ತು. ಮದುವೆಯಲ್ಲಿ ಉಡುಗೊರೆ ಮಾಡುವ ಸ್ಟೀಲಿನ ಕೊಡ, ತಟ್ಟೆ, ಡಬ್ಬಿಗಳ ಮೇಲೆ ಹೆಸರು ಹಾಕಿಸುವುದನ್ನು ಎಲ್ಲರೂ ನೋಡಿದ್ದೀರಿ. ಪಾತ್ರೆ ಅಂಗಡಿಯಲ್ಲೇ ಸಣ್ಣ ಮಷೀನಿನಿಂದ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುತ್ತಾರೆ. ಇಪ್ಪತ್ತು ವರ್ಷ ಆದ ಮೇಲೂ ಅಡುಗೆಮನೆಯಲ್ಲಿ "ಇದು ಸೋದರಮಾವ ಕೊಟ್ಟ ಕೊಡ" ಅಂತ ಗೊತ್ತಾಗುತ್ತದೆ. ಯಾಕೆ? ಕೊಡ ದಿನಾ ಕೈಗೆ ಬರುತ್ತದೆ. ಶೋಕೇಸಿನಲ್ಲಿಟ್ಟ ಗಾಜಿನ ಗೊಂಬೆ ಯಾರು ಕೊಟ್ಟಿದ್ದು ಅಂತ ಯಾರಿಗೂ ನೆನಪಿರುವುದಿಲ್ಲ.

ಆಲಂಪುರದ ದೇವಾಲಯಗಳಲ್ಲಿ ಬಾದಾಮಿ ಚಾಲುಕ್ಯರ ಕಾಲದಿಂದಲೂ ಕನ್ನಡ ಶಾಸನಗಳಿವೆ. ದಾನದ ಜೊತೆ ದಾನಿಯ ಹೆಸರನ್ನು ಬರೆಸುವುದು ನಮ್ಮಲ್ಲಿ ಅಷ್ಟು ಹಳೆಯದು. ಆದರೆ ದಾನಶಾಸನವನ್ನು ನಾನು ಜಾಹೀರಾತು ಅಂತ ಕರೆಯುವುದಿಲ್ಲ. ದಾನದ ಉದ್ದೇಶ ಬೇರೆ, ಅದರ ಓದುಗರು ಬೇರೆ. ಎರಡಕ್ಕೂ ಸಮಾನವಾದದ್ದು ಒಂದೇ: ಬರೀ ಹೆಸರು ನಿಲ್ಲುವುದಿಲ್ಲ, ಅದು ಒಂದು ಉಪಯೋಗಕ್ಕೆ ಅಂಟಿಕೊಂಡು ನಿಲ್ಲುತ್ತದೆ. ದೀಪಕ್ಕೆ ಎಣ್ಣೆ ಬಿಟ್ಟವರ ಹೆಸರು ದೀಪ ಉರಿಯುವ ತನಕ ಅಂತಾರಲ್ಲ, ಹಾಗೆ.

3. ಥಾನಿನ ಚೀಟಿಯಿಂದ ಗೋಡೆಯ ಚಿತ್ರಕ್ಕೆ

ಮುದ್ರಿತ ರೂಪದಲ್ಲಿ ಈ ಉಡುಗೊರೆ ನಮ್ಮ ದೇಶದಲ್ಲಿ ಹೇಗೆ ಬೆಳೆಯಿತು? ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರಿನ ಕಡೆಯಿಂದ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಬಣ್ಣದ ಚೀಟಿ ಅಂಟಿಸಿರುತ್ತಿದ್ದರು. ವ್ಯಾಪಾರದವರು ಅದನ್ನು ಟಿಕೆಟ್ ಅನ್ನುತ್ತಿದ್ದರು. ಅದರ ಮೇಲೆ ಕೃಷ್ಣ, ಲಕ್ಷ್ಮಿ, ರಾಜ ಮಹಾರಾಜರ ಚಿತ್ರಗಳು. ಕಂಪನಿಯ ಹೆಸರನ್ನು ಓದಲಾರದವನೂ ಚಿತ್ರದ ಗುರುತಿನಿಂದ ಅದೇ ಬಟ್ಟೆಯನ್ನು ಮತ್ತೆ ಕೇಳುತ್ತಿದ್ದ. ಉಡುಗೊರೆ ಅಂತ ಅಂಟಿಸಿದ್ದಲ್ಲ, ಸರಕಿನ ಗುರುತು ಅಂತ ಅಂಟಿಸಿದ್ದು. ಆದರೆ ಜನ ಅದನ್ನು ಕಿತ್ತು ಇಟ್ಟುಕೊಂಡರು.

1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ಶಿಲಾಮುದ್ರಣದ ಪ್ರೆಸ್ ಆರಂಭಿಸಿದ ಮೇಲೆ ದೇವರ ಚಿತ್ರ ಅಗ್ಗದ ದರಕ್ಕೆ ಮನೆಗೆ ಬಂತು. ಆ ಚಿತ್ರದ ಕೆಳಗೆ ಕಂಪನಿಯ ಹೆಸರು, ಅದರ ಕೆಳಗೆ ತಾರೀಖು ಸೇರಿದಾಗ ಕ್ಯಾಲೆಂಡರು ತಯಾರಾಯಿತು. 1928ರ ಒಂದು ಗ್ರೈಪ್ ವಾಟರ್ ಕ್ಯಾಲೆಂಡರು ಪ್ರಸಿದ್ಧವಾಗಿದೆ, ಎಂ.ವಿ. ಧುರಂಧರ್ ಬರೆದ ಬಾಲಕೃಷ್ಣನ ಚಿತ್ರ ಅದರಲ್ಲಿದೆ. ಮಗುವಿನ ಔಷಧಿಗೆ ಬಾಲಕೃಷ್ಣ! ಆಯ್ಕೆ ಎಷ್ಟು ಲೆಕ್ಕಾಚಾರದ್ದು ನೋಡಿ. ಪತ್ರಿಕೆ ಓದದವರ ಮನೆಗೂ ಚಹಾ ಅಂಗಡಿಗೂ ಜಾಹೀರಾತು ಹೀಗೆ ತಲುಪಿತು.

ಈ ಕಲೆಗೆ ನಮ್ಮ ಭಾಗದ ದೊಡ್ಡ ಹೆಸರು ಎಸ್.ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪ್ರಚಾರದ ಚಿತ್ರಗಳನ್ನೂ ಪೌರಾಣಿಕ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದು ದೇಶದ ಗೋಡೆಗಳನ್ನೆಲ್ಲ ತುಂಬಿದರು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಯ ಒಬ್ಬ ಹುಡುಗ ಬರೆದ ರಾಧೆ, ಕೃಷ್ಣ, ಶಿವ, ಯಾರೋ ವ್ಯಾಪಾರಿಯ ಹೆಸರಿನ ಜೊತೆ ಮನೆಮನೆಗೆ ಹೋದರು. ಚಿತ್ರಕಾರನ ಸಹಿ ಮೂಲೆಯಲ್ಲಿ ಸಣ್ಣದಾಗಿ, ವ್ಯಾಪಾರಿಯ ಹೆಸರು ಕೆಳಗೆ ದಪ್ಪಕ್ಷರದಲ್ಲಿ. ಆದರೆ ಕಾಲ ಕಳೆದಂತೆ ಏನಾಯಿತು ಅನ್ನೋದನ್ನ ಐದನೆಯ ಭಾಗದಲ್ಲಿ ಹೇಳ್ತೀನಿ.

4. ಮೈಸೂರಿನ ಪಾಠ

ಇಲ್ಲಿ ಸ್ವಲ್ಪ ಹೊತ್ತು ಗಡಿ ಬಿಟ್ಟು ಮೈಸೂರು ಸಂಸ್ಥಾನಕ್ಕೆ ಹೋಗುತ್ತೇನೆ. ಯಾಕಂದ್ರೆ ಹೆಸರನ್ನು ಯಾವ ವಸ್ತುವಿನ ಮೇಲೆ ಹಾಕಬೇಕು ಎಂದು ಯೋಚಿಸಿ ಆರಿಸಿದ ಕನ್ನಡನಾಡಿನ ಮುಖ್ಯ ಉದಾಹರಣೆ ಅಲ್ಲಿದೆ: ಮೈಸೂರು ಸ್ಯಾಂಡಲ್ ಸೋಪು.

ಮೊದಲ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧದ ರಫ್ತು ನಿಂತಿತು. ಕೊರಡುಗಳು ರಾಶಿ ಬಿದ್ದವು. 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ, 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾದವು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯ ಇವರ ಹೆಸರು ಎಲ್ಲರಿಗೂ ಗೊತ್ತು. ಸೋಪಿನ ರೂಪವನ್ನು ಕಟ್ಟಿದವರು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು. ಅಂಡಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಸಿಂಹದ ಮೈ ಆನೆಯ ತಲೆ ಇರುವ ಶರಭದ ಮುದ್ರೆ.

ಪ್ರಚಾರಕ್ಕೆ ಅವರು ಆರಿಸಿದ ವಾಹಕಗಳು ನನಗೆ ಮುಖ್ಯ. ಟ್ರಾಮ್ ಟಿಕೆಟಿನ ಮೇಲೆ ಸೋಪಿನ ಚಿತ್ರ. ಬೆಂಕಿಪೊಟ್ಟಣದ ಮೇಲೆ ಸೋಪಿನ ಚಿತ್ರ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ. ಇದರಲ್ಲಿ ಒಂಟೆ ಮೆರವಣಿಗೆ ಹೆಚ್ಚು ರೋಚಕ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಟಿಕೆಟು, ಬೆಂಕಿಪೊಟ್ಟಣಗಳ ತರ್ಕ ಹೆಚ್ಚು ಆಳವಾದದ್ದು ಅಂತ ನನ್ನ ಅಭಿಪ್ರಾಯ. ಟ್ರಾಮಿನ ಪ್ರಯಾಣಿಕ ಇಳಿಯುವವರೆಗೂ ಟಿಕೆಟನ್ನು ಎಸೆಯುವ ಹಾಗಿಲ್ಲ. ಬೆಂಕಿಪೊಟ್ಟಣ ಕಡ್ಡಿ ಮುಗಿಯುವವರೆಗೂ ಒಲೆಯ ಹತ್ತಿರವೇ ಇರಬೇಕು. ಮೆರವಣಿಗೆಯನ್ನು ಜನ ಬೀದಿಯಲ್ಲಿ ನಿಂತು ನೋಡಿ ಹೋಗುತ್ತಾರೆ. ಪೊಟ್ಟಣ ದಿನಕ್ಕೆ ಹತ್ತು ಸಲ ಕೈಗೆ ಬರುತ್ತದೆ.

ಅದೇ 1916ರಲ್ಲಿ ಆರಂಭವಾದ ಬೆಂಗಳೂರು ಪ್ರೆಸ್ಸು 1921ರಿಂದ ಹೊರತರುತ್ತಿರುವ ಕ್ಯಾಲೆಂಡರು ಇದಕ್ಕೆ ಇನ್ನೊಂದು ಸಾಕ್ಷಿ. ಅದರ ಬಲ ಚಿತ್ರದಲ್ಲಿಲ್ಲ. ದೂರದಿಂದಲೂ ಕಾಣುವ ದೊಡ್ಡ ಅಂಕಿಗಳಲ್ಲಿ, ರಜೆಯ ವಿವರಗಳಲ್ಲಿದೆ. ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು ಮನೆಯಲ್ಲಿದ್ದರೂ ಜನ ದುಡ್ಡು ಕೊಟ್ಟು ಇದನ್ನು ತರುತ್ತಾರೆ. ಪುಕ್ಕಟೆಯದು ಅಂದ ಮಾತ್ರಕ್ಕೆ ಮೊಳೆಯ ಜಾಗ ಸಿಗುವುದಿಲ್ಲ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

5. ಆಲ್ಬಮ್ಮಿನಿಂದ ಆರಿಸುವುದು

ಈಗ ಸಣ್ಣ ಊರಿನ ವ್ಯಾಪಾರಿಗೆ ಬರೋಣ. ಅವನಿಗೆ ಧುರಂಧರ್, ಪಂಡಿತ್ ಅಂಥವರಿಂದ ಚಿತ್ರ ಬರೆಸುವ ಶಕ್ತಿ ಇಲ್ಲ. ಅವನಿಗೆ ದಾರಿ ಮಾಡಿಕೊಟ್ಟದ್ದು ತಮಿಳುನಾಡಿನ ಶಿವಕಾಶಿ. ಅಲ್ಲಿನ ಮುದ್ರಕರು ಆಡಿ ತಿಂಗಳ ಹದಿನೆಂಟರ ಹೊತ್ತಿಗೆ, ಅಂದರೆ ಆಗಸ್ಟ್ ಆರಂಭದಲ್ಲಿ, ಮುಂದಿನ ವರ್ಷದ ಮಾದರಿಗಳ ಆಲ್ಬಮ್ ಬಿಡುಗಡೆ ಮಾಡುತ್ತಾರೆ. ಏಜೆಂಟರು ಅದನ್ನು ಹೊತ್ತು ಊರೂರು ಸುತ್ತುತ್ತಾರೆ. ವ್ಯಾಪಾರಿ ಪುಟ ತಿರುವಿ ನಂಬರು ಹೇಳಿದರೆ ಸಾಕು, ಕೆಳಗಿನ ಖಾಲಿ ಪಟ್ಟಿಯಲ್ಲಿ ಅವನ ಅಂಗಡಿಯ ಹೆಸರು ಅಚ್ಚಾಗಿ ಬರುತ್ತದೆ.

ಆ ಪುಟ ತಿರುವುವ ಹೊತ್ತಿನಲ್ಲಿ ನಡೆಯುವುದು ಒಂದು ರೀತಿಯ ಸಮಾಜಶಾಸ್ತ್ರ. ಗಿರಾಕಿಗಳಲ್ಲಿ ಲಿಂಗಾಯತರಿದ್ದಾರೆ, ವೈಷ್ಣವರಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಒಂದೇ ಚಿತ್ರ ಎಲ್ಲ ಗೋಡೆಗೂ ಹೊಂದುತ್ತದೆಯೇ? ಕೆಲವರು ಎರಡು ಮೂರು ಬಗೆ ತರಿಸುತ್ತಾರೆ. ಕೆಲವರು ಗುಲಾಬಿ, ಜಲಪಾತ, ನಗುವ ಮಗು ಇಂಥದ್ದಕ್ಕೆ ಹೋಗುತ್ತಾರೆ. ನಮ್ಮ ಕಡೆಯ ಹಿರಿಯ ಕಿರಾಣಿ ವ್ಯಾಪಾರಿಯೊಬ್ಬರನ್ನು ಕೇಳಿದಾಗ ಅವರು ಕೊಟ್ಟ ಉತ್ತರ: "ತಮ್ಮಾ, ದೇವರ ಫೋಟೋ ಹಾಕಿದ್ರ ಯಾರೂ ಹರಿಯಂಗಿಲ್ಲ. ಆದ್ರ ನನ್ನ ಹೆಸರು ಮಾತ್ರ ಹರಿದು ಬಿಡ್ತಾರ."

ಅವರು ತಮಾಷೆಗೆ ಹೇಳಿದ್ದು ಒಂದು ನಿಯಮವೇ. ವರ್ಷ ಮುಗಿದ ಮೇಲೆ ದೇವರ ಚಿತ್ರವನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ಕತ್ತರಿಯಿಂದ ಕೆಳಗಿನ ಪಟ್ಟಿ ಕತ್ತರಿಸಿ, ಕಟ್ಟು ಹಾಕಿಸಿ ಜಗುಲಿಯ ಮೇಲಿಡುತ್ತಾರೆ. ಆಗ ಹೋಗುವುದು ವ್ಯಾಪಾರಿಯ ಹೆಸರು, ಉಳಿಯುವುದು ಚಿತ್ರ, ಮೂಲೆಯಲ್ಲಿ ಚಿತ್ರಕಾರನ ಸಹಿ. ಪಂಡಿತರ ವಿಷಯದಲ್ಲಿ ಆದದ್ದು ಇದೇ. ಅವರ ಚಿತ್ರಗಳು ಉಳಿದವು. ಅವುಗಳನ್ನು ಹಂಚಿದ ಅಂಗಡಿಗಳ ಹೆಸರು ಹೋಯಿತು. ಇದಕ್ಕೆ ವಿರುದ್ಧವಾಗಿ, ಚಿತ್ರವಿಲ್ಲದ ತಾರೀಖಿನ ಕ್ಯಾಲೆಂಡರು ಒಂದೇ ವರ್ಷ ಬದುಕುತ್ತದೆ, ಆದರೆ ಆ ವರ್ಷವೆಲ್ಲ ಹೆಸರು ಕಣ್ಣೆದುರೇ ಇರುತ್ತದೆ. ಹಾಲಿನ ಲೆಕ್ಕ, ಸಿಲಿಂಡರು ಬಂದ ದಿನ, ಕೂಲಿಯವರು ಬಂದ ದಿನ, ಎಮ್ಮೆ ಕಟ್ಟಿಸಿದ ದಿನ, ಎಲ್ಲವನ್ನೂ ಆ ಚೌಕಗಳಲ್ಲೇ ಬರೆಯುತ್ತಾರೆ. ಹಾಗೆ ನೋಡಿದರೆ ಅದು ಮನೆಯ ದಿನಚರಿ ಪುಸ್ತಕ.

ಕಾನೂನಿನ ಒಂದು ಮಾತು. 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆಯ ಅನುಸೂಚಿಯಲ್ಲಿ ಮಹಾತ್ಮ ಗಾಂಧಿ, ಶಿವಾಜಿ, ನೆಹರೂ ಮುಂತಾದವರ ಚಿತ್ರಗಳಿಗೆ ನಿರ್ಬಂಧವಿದೆ. ಕ್ಯಾಲೆಂಡರಿಗೆ ವಿನಾಯಿತಿ ಇದೆ. ಆದರೆ ತಯಾರಕರ, ಮುದ್ರಕರ ಹೆಸರಷ್ಟೇ ಇರಬೇಕು, ಸರಕಿನ ಜಾಹೀರಾತಿಗೆ ಬಳಸಬಾರದು. ಶಿವ ಪಾರ್ವತಿಯರನ್ನು ಗೊಬ್ಬರದ ಹೆಸರಿನ ಮೇಲೆ ಕೂರಿಸಬಹುದು, ಗಾಂಧೀಜಿಯನ್ನು ಕೂರಿಸುವಂತಿಲ್ಲ!

6. ಯಾವ ಭಾಷೆಯ ಚೌಕ?

ನನ್ನ ಪ್ರಬಂಧದ ಮುಖ್ಯ ಭಾಗ ಇದು. ಒಂದು ಉದಾಹರಣೆ ಕೊಡ್ತೀನಿ. ಜ್ಯೇಷ್ಠ ಮಾಸದ ಹುಣ್ಣಿಮೆ. ಕನ್ನಡ ಕ್ಯಾಲೆಂಡರಿನಲ್ಲಿ ಅದು ಕಾರ ಹುಣ್ಣಿಮೆ, ತೆಲುಗು ಕ್ಯಾಲೆಂಡರಿನಲ್ಲಿ ಏರುವಾಕ ಪುನ್ನಮಿ. ಎರಡೂ ಕಡೆ ಎತ್ತು ಸಿಂಗರಿಸುವ ದಿನ. ದಿನ ಒಂದೇ, ಹೆಸರು ಎರಡು. ಮಹಾಲಯ ಅಮವಾಸ್ಯೆಯಂದು ತೆಲಂಗಾಣದಲ್ಲಿ ಬತುಕಮ್ಮ ಆರಂಭವಾಗುತ್ತದೆ. ರಾಯಚೂರಿನ ಅಂಗಡಿಯ ಕ್ಯಾಲೆಂಡರಿನಲ್ಲಿ ಬತುಕಮ್ಮ ಇರುವುದಿಲ್ಲ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ರಾಯಚೂರು, ಕಲಬುರಗಿ ಸೀಮೆಯಲ್ಲಿ ದೊಡ್ಡದು. ಕರ್ನೂಲಿನಿಂದ ಬಂದ ಕ್ಯಾಲೆಂಡರಿನಲ್ಲಿ ಅದನ್ನು ಹುಡುಕಬೇಕು. ನವೆಂಬರ್ 1 ರಾಯಚೂರಿನ ಕ್ಯಾಲೆಂಡರಿನಲ್ಲಿ ಕೆಂಪು, ಆದರೆ ನಮ್ಮ ಮಕ್ಕಳಿಗೆ ಅವತ್ತು ಶಾಲೆ. ಜೂನ್ 2 ನಮ್ಮಲ್ಲಿ ಕೆಂಪು, ಅಲ್ಲಿ ಕಪ್ಪು.

ಹಾಗಾಗಿ ಗಡಿಭಾಗದ ಕನ್ನಡ ಮನೆಯಲ್ಲಿ ಯಾವ ಕ್ಯಾಲೆಂಡರೂ ಪೂರ್ತಿ ಕೆಲಸ ಮಾಡುವುದಿಲ್ಲ. ರಜೆಗೆ ತೆಲುಗಿನದು, ಹಬ್ಬಕ್ಕೆ ಕನ್ನಡದ್ದು. ಹೀಗಾದಾಗ ಪಡಸಾಲೆಯ ಮೊಳೆ ಸಿಗುವುದು ರಜೆ ತಿಳಿಸುವ ಕ್ಯಾಲೆಂಡರಿಗೆ. ಕನ್ನಡದ್ದು ಅಡುಗೆಮನೆಗೆ, ಅಜ್ಜಿಯ ಮೂಲೆಗೆ ಹೋಗುತ್ತದೆ. ಒಂದು ಭಾಷೆ ಮನೆಯೊಳಗೆ ಹಿಂದಕ್ಕೆ ಸರಿಯುವ ಬಗೆಯೂ ಇದೇ. ಯಾರೂ ಅದನ್ನು ಬಹಿಷ್ಕರಿಸಿಲ್ಲ, ಅದರ ಕೆಲಸ ಕಡಿಮೆಯಾಗಿದೆ ಅಷ್ಟೆ.

ಗದ್ವಾಲದ ಸುತ್ತ ಹತ್ತಿ ಬೀಜೋತ್ಪಾದನೆ ದೊಡ್ಡ ಉದ್ಯೋಗ. ಬೀಜ, ಗೊಬ್ಬರ, ಔಷಧಿ ಕಂಪನಿಗಳ ಟೋಪಿ, ಟೀ ಶರ್ಟು, ಚೀಲ ಹಳ್ಳಿಗಳಲ್ಲಿ ಧಾರಾಳ. ಬಿಸಿಲಲ್ಲಿ ಟೋಪಿ ಕೆಲಸಕ್ಕೆ ಬರುತ್ತದೆ, ಹಾಗಾಗಿ ಹೆಸರು ಹೊಲದಲ್ಲಿ ಓಡಾಡುತ್ತದೆ. ಆದರೆ ಅದರ ಮೇಲಿನ ಹೆಸರು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಧರಿಸಿದವನಿಗೆ ಬಣ್ಣ ಗೊತ್ತು, ಗುರುತು ಗೊತ್ತು, ಅಕ್ಷರ ಗೊತ್ತಿಲ್ಲ. ಮ್ಯಾಂಚೆಸ್ಟರಿನ ಟಿಕೆಟಿನ ಕಾಲದಿಂದ ಈ ಸಂಬಂಧ ಎಷ್ಟು ಬದಲಾಗಿದೆ ಅನ್ನೋ ಪ್ರಶ್ನೆಯನ್ನು ನಾನು ನಿಮ್ಮ ಮುಂದೆ ಇಡುತ್ತೇನೆ.

7. ಉಡುಗೊರೆಯ ಮಿತಿ

ಎಲ್ಲ ಉಡುಗೊರೆಯೂ ನಿರುಪದ್ರವಿ ಅಲ್ಲ. ಔಷಧಿ ಕಂಪನಿಗಳಿಂದ ವೈದ್ಯರು ಉಡುಗೊರೆ ಪಡೆಯುವುದನ್ನು 2009ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಇಂಥ ಖರ್ಚನ್ನು ಕಂಪನಿಗಳು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂದಿತು. ಕಾರಣ ಸರಳ: ಪೆನ್ನು ಪಡೆದವರು ವೈದ್ಯರು, ಬೆಲೆ ತೆರುವವರು ರೋಗಿಗಳು. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆಯ ಮುಂದೆ ಇನ್ನೊಂದು ಪ್ರಕರಣ ಬಂತು. ಪಾದರಕ್ಷೆ ಅಂಗಡಿಯೊಂದು ತನ್ನ ಹೆಸರಿದ್ದ ಕಾಗದದ ಚೀಲಕ್ಕೆ 3 ರೂಪಾಯಿ ಪಡೆದಿತ್ತು. ಗಿರಾಕಿಯನ್ನು ದುಡ್ಡು ತೆಗೆದುಕೊಂಡು ಜಾಹೀರಾತಿನ ಏಜೆಂಟನನ್ನಾಗಿ ಮಾಡಿದ ಹಾಗಾಯಿತು ಎಂಬ ದೂರನ್ನು ವೇದಿಕೆ ಒಪ್ಪಿತು. ನಿಮ್ಮ ಹೆಸರು ನಾನು ಹೊರಬೇಕಾದರೆ ಚೀಲದ ಖರ್ಚು ನಿಮ್ಮದೇ ಅನ್ನೋದು ನ್ಯಾಯವಾದ ಮಾತು.

8. ಸಮಾರೋಪ

ಈ ಚರಿತ್ರೆಯಿಂದ ಇಂದಿನ ವ್ಯಾಪಾರಿಗೆ ನಾಲ್ಕು ಮಾತು ಸಿಗುತ್ತವೆ ಎಂದು ನಾನು ತಿಳಿದಿದ್ದೇನೆ. ಒಂದು, ವಸ್ತುವಿಗೆ ಪಡೆದವರ ಮನೆಯಲ್ಲಿ ದಿನದ ಕೆಲಸ ಇರಬೇಕು. ನೂರು ಜನಕ್ಕೆ ಕೊಟ್ಟು ಅಟ್ಟ ಸೇರುವ ವಸ್ತುವಿಗಿಂತ ಮೂವತ್ತು ಜನ ದಿನಾ ಮುಟ್ಟುವ ವಸ್ತು ಮೇಲು. ಎರಡು, ಹೆಸರನ್ನು ಉಪಯೋಗದ ಜಾಗದಲ್ಲೇ ಹಾಕಬೇಕು. ಕತ್ತರಿಸಬಹುದಾದ ಪಟ್ಟಿಯಲ್ಲಿ ಅಲ್ಲ. ಮೂರು, ಗಟ್ಟಿತನ. ಒಂದು ವಾರಕ್ಕೆ ಹಿಡಿ ಕಿತ್ತುಹೋಗುವ ಚೀಲ ಅಂಗಡಿಯ ಮರ್ಯಾದೆಯನ್ನೂ ಕಿತ್ತುಕೊಂಡು ಹೋಗುತ್ತದೆ. ನಾಲ್ಕು, ಗಡಿಭಾಗದಲ್ಲಿ ವ್ಯಾಪಾರ ಮಾಡುವವರು ಒಂದೇ ಚೌಕದಲ್ಲಿ ಕಾರ ಹುಣ್ಣಿಮೆ, ಏರುವಾಕ ಪುನ್ನಮಿ ಎರಡನ್ನೂ ಅಚ್ಚು ಹಾಕಿಸಬೇಕು, ಎರಡೂ ರಾಜ್ಯದ ರಜೆ ತೋರಿಸಬೇಕು. ಎರಡು ಲಿಪಿಗಳೂ ಅಕ್ಕತಂಗಿಯರ ಹಾಗಿವೆ, ಜಾಗ ಹೆಚ್ಚು ಬೇಡ. ಆ ಕ್ಯಾಲೆಂಡರಿಗೆ ಪಡಸಾಲೆಯ ಮೊಳೆ ಸಿಗುತ್ತದೆ. ವ್ಯಾಪಾರಿಗೂ ಲಾಭ, ಕನ್ನಡಕ್ಕೂ ಲಾಭ.

ಸಂವಾದದಿಂದ

*ಅಧ್ಯಾಪಕರೊಬ್ಬರ ಪ್ರಶ್ನೆ: ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಗೋಡೆ ಕ್ಯಾಲೆಂಡರಿನ ಮಾತು ಇನ್ನೆಷ್ಟು ದಿನ?*

ಸರ್, ತಾರೀಖು ನೋಡೋಕೆ ಮೊಬೈಲು ಸಾಕು, ನಿಜ. ಆದ್ರೆ ಮೊಬೈಲು ಒಬ್ಬರದು, ಗೋಡೆ ಮನೆಯವರೆಲ್ಲರದು. ಹಾಲಿನ ಲೆಕ್ಕವನ್ನು ಅತ್ತೆ ಬರೀತಾರೆ, ಸೊಸೆ ನೋಡ್ತಾಳೆ, ಹಾಲಿನವನಿಗೂ ತೋರಿಸ್ತಾರೆ. ಆ ಹಂಚಿಕೆ ಇರೋವರೆಗೂ ಕ್ಯಾಲೆಂಡರಿಗೆ ಕೆಲಸ ಇದೆ. ಸಂಖ್ಯೆ ಕಡಿಮೆ ಆಗಬಹುದು. ಆಗ ಆಯ್ಕೆ ಇನ್ನೂ ಮುಖ್ಯ ಆಗುತ್ತೆ, ಯಾಕಂದ್ರೆ ಮನೆಯಲ್ಲಿ ಉಳಿಯೋದು ಒಂದೇ ಮೊಳೆ.

*ಸಹಪಾಠಿಯ ಪ್ರಶ್ನೆ: ಇದನ್ನು ಸಾಹಿತ್ಯದ ವಿದ್ಯಾರ್ಥಿ ಯಾಕೆ ಓದಬೇಕು?*

ನಾವು ಶಾಸನ ಓದುವಾಗ ಕಲ್ಲು ಯಾವುದು, ಎಲ್ಲಿ ನಿಲ್ಲಿಸಿದ್ದರು, ಯಾರ ಕಣ್ಣಿಗೆ ಬೀಳ್ತಿತ್ತು ಅಂತ ಕೇಳ್ತೀವಿ. ನಮ್ಮ ಭಾಗದ ಕಿರಾಣಿ ಅಂಗಡಿಯ ಕ್ಯಾಲೆಂಡರಿಗೂ ಅದೇ ಪ್ರಶ್ನೆ ಕೇಳಬಹುದು. ಒಂದೇ ವ್ಯತ್ಯಾಸ: ಕಲ್ಲು ಸಾವಿರ ವರ್ಷ ಕಾಯ್ತದೆ, ಇದು ಡಿಸೆಂಬರ್ ಮೂವತ್ತೊಂದಕ್ಕೆ ರದ್ದಿಗೆ ಹೋಗ್ತದೆ. ಹಾಗಾಗಿ ನಿಮ್ಮ ಊರಿನ ಮನೆಗಳಲ್ಲಿ ಹಳೆಯ ಕ್ಯಾಲೆಂಡರ್ ಇದ್ರೆ ದಯವಿಟ್ಟು ಫೋಟೋ ತೆಗೆದು ಇಡಿ, ಕೆಳಗಿನ ಪಟ್ಟಿ ಸಮೇತ.